ಬುತ್ತಿಯ ಭಾರವನ್ನರಿತ ಸಾರಥಿ ಫಾಂಜಿಯೊ

ದೂರದ ಊರಿಗೆ ನಡೆದು ಹೋಗುವವನು ಬುತ್ತಿ ಕಟ್ಟಿಕೊಂಡು ಹೊರಡುತ್ತಾನೆ. ಹೊರಡುವಾಗ ಅದು ಹೆಗಲಿಗೆ ಭಾರ. ಉಣ್ಣುತ್ತ ಹೋದ ಹಾಗೆಲ್ಲ ಹಗುರ. ಊರು ಸೇರುವ ಹೊತ್ತಿಗೆ ಗಂಟು ಕಟ್ಟಿದ ಬಟ್ಟೆ ಮಾತ್ರ ಉಳಿದಿರುತ್ತದೆ. ಮೋಟಾರು ಗಾಡಿಗೆ ಪೆಟ್ರೋಲೇ ಬುತ್ತಿ. ಬಸ್ಸಿನಲ್ಲಿ ಕುಳಿತು ಕಾಲೇಜಿಗೆ ಬರುವ ನಮಗೆ ಆ ಬುತ್ತಿಯ ತೂಕವೆಷ್ಟು, ಅದು ಗಾಡಿಯ ಯಾವ ಭಾಗದಲ್ಲಿ ಕುಳಿತಿದೆ ಎಂಬ ವಿಚಾರವು ಎಂದೂ ಮನಸ್ಸಿಗೆ ಬರುವುದಿಲ್ಲ. ಪಂದ್ಯದಲ್ಲಿ ಗಾಡಿ ಓಡಿಸುವವನಿಗಾದರೋ ಅದೇ ಒಂದು ಶಾಸ್ತ್ರ. ಆ ಶಾಸ್ತ್ರವನ್ನು ಯಾವ ದೊಡ್ಡ ಶಾಲೆಯಲ್ಲಿಯೂ ಓದದೆ, ಹುಟ್ಟಿದೂರಿನ ರಿಪೇರಿ ಷೆಡ್ಡಿನಲ್ಲಿ ಎಣ್ಣೆಮಸಿ ಮೆತ್ತಿದ ಕೈಗಳಿಂದಲೇ ಕಲಿತು, ಐದು ಸಲ ಜಗತ್ತಿನ ಮೋಟಾರು ಸಾರಥಿಗಳಲ್ಲಿ ಮೊದಲಿಗನೆನಿಸಿದವನು ಹುವಾನ್ ಮಾನುಯೆಲ್ ಫಾಂಜಿಯೊ. ಆತನ ಹೆಸರನ್ನು ಕೇಳಿದವರು ಬಹುಮಂದಿ ಆತನ ವೇಗವನ್ನು ಹೊಗಳುತ್ತಾರೆ. ನಾನು ಆತನ ತೂಕದ ತಿಳಿವಳಿಕೆಯನ್ನು ಕುರಿತು ಬರೆಯಲು ಹೊರಟಿದ್ದೇನೆ. ನನ್ನ ಎಣಿಕೆಯಲ್ಲಿ ವೇಗವು ಅದರಿಂದಲೇ ಹುಟ್ಟಿದ್ದು.

ದಕ್ಷಿಣ ಅಮೆರಿಕದ ಅರ್ಜೆಂಟೀನ ದೇಶದಲ್ಲಿ, ರಾಜಧಾನಿಯಾದ ಬ್ಯೂನಸ್ ಐರಿಸ್ ಪಟ್ಟಣದಿಂದ ದಕ್ಷಿಣಕ್ಕೆ ಸುಮಾರು 400 ಕಿಲೋಮೀಟರು ದೂರದಲ್ಲಿ ಬಾಲ್ಕಾರ್ಸೆ ಎಂಬ ಊರಿದೆ. ಸುತ್ತಲೂ ಆಲೂಗೆಡ್ಡೆ ಬೆಳೆಯುವ ಬಯಲು. 1911ನೆಯ ಇಸವಿ ಜೂನ್ 24ರಂದು ಫಾಂಜಿಯೊ ಆ ಊರಿನಲ್ಲಿ ಹುಟ್ಟಿದನು. ಅಂದು ಸಂತ ಹುವಾನನ ಹಬ್ಬವಾದ್ದರಿಂದ ಮಗುವಿಗೆ ಆ ಹೆಸರೇ ನಿಂತಿತು. ತಂದೆ ಲೊರೆಟೊ, ತಾಯಿ ಹರ್ಮೀನಿಯ. ಇಬ್ಬರ ಮೂಲವೂ ಇಟಲಿಯ ಅಬ್ರುಜೊ ಎಂಬ ಬೆಟ್ಟಗಾಡು ಪ್ರಾಂತ. ಹೊಟ್ಟೆಪಾಡಿಗಾಗಿ ಸಮುದ್ರ ದಾಟಿ ಬಂದ ಸಂಸಾರ ಅದು. ತಂದೆಯು ಗಾರೆ ಕೆಲಸದವನು. ಆರು ಮಕ್ಕಳಲ್ಲಿ ಹುವಾನನು ನಾಲ್ಕನೆಯವನು. ಚಿಕ್ಕಂದಿನಲ್ಲಿ ಕಾಲ್ಚೆಂಡಾಟದಲ್ಲಿ ಆತನ ಸೊಟ್ಟ ಕಾಲುಗಳನ್ನು ನೋಡಿ ಗೆಳೆಯರು ಸೊಟ್ಟಗಾಲನೆಂದು ಅಡ್ಡಹೆಸರಿಟ್ಟರು. ಮುಂದೆ ಆತನು ಜಗತ್ಪ್ರಸಿದ್ಧನಾದ ಮೇಲೂ ದೇಶದ ಜನ ಪ್ರೀತಿಯಿಂದ ಕರೆಯುತ್ತಿದ್ದದ್ದು ಆ ಹೆಸರಿನಿಂದಲೇ.

ಶಾಲೆಯ ಓದು ಬೇಗನೆ ಮುಗಿಯಿತು. ಮೀಸೆ ಮೂಡುವ ಮೊದಲೇ ಆತನು ಊರಿನ ಮೋಟಾರು ಷೆಡ್ಡುಗಳಲ್ಲಿ ಕೈಯಾಳಾದನು. ನೆಲ ಗುಡಿಸುವುದು, ಬೋಲ್ಟು ತೊಳೆಯುವುದು, ದೊಡ್ಡವರು ಕೇಳಿದ ಸ್ಪ್ಯಾನರನ್ನು ಕೈಗೆ ಕೊಡುವುದು ಇಷ್ಟರಿಂದ ಮೊದಲಾಗಿ ಕೆಲವೇ ವರ್ಷಗಳಲ್ಲಿ ಎಂಜಿನ್ನನ್ನು ಬಿಚ್ಚಿ ಕಟ್ಟುವ ಮೆಕ್ಯಾನಿಕ್ಕಾದನು. ಹದಿನಾರನೆಯ ವಯಸ್ಸಿನಲ್ಲಿ ಶ್ವಾಸಕೋಶದ ಕಾಯಿಲೆ ಬಂದು ಸಾವಿನ ಬಾಗಿಲವರೆಗೂ ಹೋಗಿ, ತಾಯಿಯ ಆರೈಕೆಯಿಂದ ಬದುಕಿಕೊಂಡನು. ಸೈನ್ಯದಲ್ಲಿ ಕಡ್ಡಾಯದ ಸೇವೆ ಮುಗಿಸಿ ಬಂದ ಮೇಲೆ ಗೆಳೆಯರೊಡನೆ ಸೇರಿ ಊರಿನಲ್ಲಿಯೇ ಸ್ವಂತದ ವರ್ಕ್‌ಷಾಪನ್ನು ತೆರೆದನು.

ಆ ಕಾಲದ ಅರ್ಜೆಂಟೀನದಲ್ಲಿ ಮೋಟಾರು ಪಂದ್ಯವೆಂಬುದು ಧನಿಕರ ವಿನೋದ ಮಾತ್ರವಾಗಿರಲಿಲ್ಲ. ಒಂದೊಂದು ಊರಿನವರೂ ತಮ್ಮ ಊರಿನ ಮೆಕ್ಯಾನಿಕ್ಕನನ್ನೋ ಅಂಗಡಿಯವನ ಮಗನನ್ನೋ, ಪೇಟೆಯಲ್ಲಿ ಓಡಾಡುವ ಫೋರ್ಡ್ ಇಲ್ಲವೆ ಷೆವರ್ಲೆ ಗಾಡಿಯನ್ನೇ ಬಿಗಿಮಾಡಿ, ಪಂದ್ಯಕ್ಕೆ ಕಳುಹಿಸುತ್ತಿದ್ದರು. ಇಂದು ನಾವು ಹವ್ಯಾಸಿ ಪಂದ್ಯವೆಂದು ಕರೆಯುವುದು ಅದನ್ನೇ. 1936ನೆಯ ಅಕ್ಟೋಬರಿನಲ್ಲಿ ಬೆನಿಟೊ ಹ್ವಾರೆಜ್ ಎಂಬ ಊರಿನಲ್ಲಿ ಫಾಂಜಿಯೊ ತನ್ನ ಮೊದಲ ಪಂದ್ಯಕ್ಕಿಳಿದನು. ಗಾಡಿ ಯಾವುದು? ಬಾಡಿಗೆಗೆ ಓಡುತ್ತಿದ್ದ ಒಂದು ಹಳೆಯ ಫೋರ್ಡ್ ಟ್ಯಾಕ್ಸಿ. ಅದರ ಮೇಲ್ಮೈಯನ್ನು ಕಳಚಿ ಪಂದ್ಯದ ಗಾಡಿಯಾಗಿ ಮಾಡಿದ್ದರು. ಎಂಜಿನ್ನು ಕೆಟ್ಟು ಆತನು ಕೊನೆಯವರೆಗೂ ಓಡಲಾಗಲಿಲ್ಲ. ಪಂದ್ಯದ ಮರುದಿನ ಟ್ಯಾಕ್ಸಿಯನ್ನು ಮತ್ತೆ ಟ್ಯಾಕ್ಸಿಯಾಗಿಸಿ ಒಪ್ಪಿಸಬೇಕಾದ ಹೊಣೆಯೂ ಇದ್ದಿತು.

ಇಲ್ಲಿ ಸ್ವಲ್ಪ ನಿಂತು, ಟ್ಯಾಕ್ಸಿಯ ಮೇಲ್ಮೈಯನ್ನು ಏಕೆ ಕಳಚಿದರೆಂಬುದನ್ನು ವಿಚಾರ ಮಾಡೋಣ. ಗಾಡಿಯ ಮೇಲಿನ ಪ್ರತಿಯೊಂದು ಸೇರಿನ ಭಾರವೂ ಮೂರು ಕಡೆ ಸುಂಕ ಕೇಳುತ್ತದೆ: ಹೊರಡುವಾಗ ಎಂಜಿನ್ನಿನಿಂದ, ನಿಲ್ಲುವಾಗ ಬ್ರೇಕಿನಿಂದ, ತಿರುಗುವಾಗ ಟೈರಿನಿಂದ. ಬಾಗಿಲು, ಮಾಡು, ಹಿಂದಿನ ಆಸನ ಇವನ್ನು ತೆಗೆದುಹಾಕಬಹುದು. ಪೆಟ್ರೋಲನ್ನು ತೆಗೆದುಹಾಕುವ ಹಾಗಿಲ್ಲ. ಒಂದು ಲೀಟರು ಪೆಟ್ರೋಲಿನ ತೂಕ ಸುಮಾರು ಮುಕ್ಕಾಲು ಕಿಲೋ. 100 ಲೀಟರು ತುಂಬಿಸಿದರೆ ಒಂದೂವರೆ ಮೂಟೆ ಅಕ್ಕಿಯನ್ನು ಹೇರಿದಂತೆ.

ಆ ಭಾರವು ಎಷ್ಟೆಂಬುದಕ್ಕಿಂತಲೂ ಎಲ್ಲಿ ಕುಳಿತಿದೆ ಎಂಬುದೇ ಹೆಚ್ಚಿನ ಪ್ರಶ್ನೆ. ನಮ್ಮ ಕಡೆ ಕಬ್ಬಿನ ಗಾಡಿ ಹೇರುವುದನ್ನು ನೋಡಿದವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಭಾರವೆಲ್ಲ ಮುಂದಕ್ಕೆ ಬಿದ್ದರೆ ನೊಗವು ಎತ್ತುಗಳ ಹೆಗಲನ್ನು ಅರೆಯುತ್ತದೆ. ಹಿಂದಕ್ಕೆ ಬಿದ್ದರೆ ಮೂಕಿ ಮೇಲೆದ್ದು ಕೊರಳ ಹಗ್ಗವು ಅವುಗಳ ಗಂಟಲನ್ನು ಒತ್ತುತ್ತದೆ. ತಿಳಿದ ರೈತನು ಅಚ್ಚಿನ ನೇರಕ್ಕೆ ಭಾರವನ್ನು ಕೂರಿಸಿ, ಮುಂದಕ್ಕೆ ಒಂದಿಷ್ಟೇ ವಾಲುವಂತೆ ಹೇರುತ್ತಾನೆ. ಆದರೆ ಕಬ್ಬಿನ ಗಾಡಿ ಹೊಲದಿಂದ ಹೊರಟಾಗ ಎಷ್ಟು ಭಾರವೋ ಕಾರ್ಖಾನೆಯ ಬಾಗಿಲಲ್ಲಿಯೂ ಅಷ್ಟೇ ಭಾರ; ದಾರಿಯಲ್ಲಿ ಹುಡುಗರು ಎಳೆದುಕೊಂಡ ನಾಲ್ಕು ಜಲ್ಲೆಗಳನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. ಮೋಟಾರು ಗಾಡಿ ತಾನು ಹೊತ್ತದ್ದನ್ನೇ ತಿನ್ನುತ್ತ ಓಡುತ್ತದೆ. ಟ್ಯಾಂಕು ಹಿಂದಿನ ಅಚ್ಚಿನಾಚೆ ಬಾಲದಲ್ಲಿದ್ದರೆ, ತುಂಬಿದಾಗ ಗಾಡಿಯ ಹಿಂಭಾಗ ಭಾರವಾಗಿ, ತಿರುವಿನಲ್ಲಿ ಹಗ್ಗಕ್ಕೆ ಕಟ್ಟಿದ ಕಲ್ಲಿನಂತೆ ಹೊರಕ್ಕೆ ಬೀಸಲು ಹವಣಿಸುತ್ತದೆ. ಮುಂದಿನ ಚಕ್ರಗಳು ನೆಲವನ್ನು ಹಗುರವಾಗಿ ಮುಟ್ಟುತ್ತವೆ. ಟ್ಯಾಂಕು ಬರಿದಾಗುತ್ತ ಬಂದಂತೆ ಬಾಲ ಹಗುರವಾಗಿ, ಭಾರದ ಪಾಲು ಮೂತಿಯ ಕಡೆಗೆ ಸರಿಯುತ್ತದೆ. ಬೆಳಿಗ್ಗೆ ಹೊರಟ ಗಾಡಿಯೇ ಬೇರೆ, ಮಧ್ಯಾಹ್ನ ಗುರಿ ಮುಟ್ಟುವ ಗಾಡಿಯೇ ಬೇರೆ. ಚಾಲಕನು ಮೊದಲ ತಿರುವಿನಲ್ಲಿ ಕಲಿತ ಪಾಠವನ್ನೇ ಕೊನೆಯ ತಿರುವಿನಲ್ಲಿ ಒಪ್ಪಿಸಿದರೆ ಹಳ್ಳಕ್ಕೆ ಬೀಳುತ್ತಾನೆ.

ಇದರ ಮೇಲೆ ತುಳುಕಾಟದ ಕಾಟ ಬೇರೆ. ತುಂಬಿದ ಕೊಡ ತುಳುಕುವುದಿಲ್ಲವೆಂಬ ಗಾದೆಯನ್ನು ನಾವು ವಿದ್ಯಾವಂತರ ಮೇಲೆ ಹೇಳುತ್ತೇವೆ. ಪೆಟ್ರೋಲಿನ ಟ್ಯಾಂಕಿನ ಮೇಲೆ ಅದು ಅಕ್ಷರಶಃ ನಿಜ. ಅರೆ ತುಂಬಿದ ಟ್ಯಾಂಕಿನ ಪೆಟ್ರೋಲು ತಿರುವಿನಲ್ಲಿ ಒಂದು ಬದಿಗೆ ರಾಚಿ, ಗಾಡಿಯನ್ನು ಆ ಬದಿಗೆ ಇನ್ನಷ್ಟು ವಾಲಿಸುತ್ತದೆ. ಸಣ್ಣ ಸುತ್ತಿನ ಪಂದ್ಯಗಳಿಗೆ ಹೋಗುವ ಹವ್ಯಾಸಿಗಳು ಇಂದಿಗೂ ತೂಕ ಉಳಿಸಲೆಂದು ಟ್ಯಾಂಕಿನ ಕಾಲುಭಾಗವನ್ನು ಮಾತ್ರ ತುಂಬಿಸಿ ಇಳಿಯುವುದುಂಟು. ಜಿಪುಣತನ ಅತಿಯಾದರೆ ತಿರುವಿನಲ್ಲಿ ಹೀರುವ ಕೊಳವೆಯ ಬಾಯಿಗೆ ಪೆಟ್ರೋಲು ಸಿಕ್ಕದೆ ಎಂಜಿನ್ನು ಕೆಮ್ಮಿ ನಿಲ್ಲುತ್ತದೆ. ಅದಕ್ಕಾಗಿ ಟ್ಯಾಂಕಿನೊಳಗೆ ಅಡ್ಡ ತಡಿಕೆಗಳನ್ನು ಇಡುತ್ತಾರೆ; ಸ್ಪಂಜಿನಂಥ ವಸ್ತುವನ್ನು ತುಂಬುವುದೂ ಉಂಟು.

ಫಾಂಜಿಯೊ ಇದನ್ನೆಲ್ಲ ಕಲಿತದ್ದು ಊರಿಂದೂರಿಗೆ ಓಡುವ ಉದ್ದದ ಪಂದ್ಯಗಳಲ್ಲಿ. 1939ರಲ್ಲಿ ಬಾಲ್ಕಾರ್ಸೆಯ ಜನರು ತಮ್ಮೊಳಗೆ ಚಂದಾ ಎತ್ತಿ ಆತನಿಗೆ ಷೆವರ್ಲೆ ಗಾಡಿಯೊಂದನ್ನು ಕೊಳ್ಳಲು ನೆರವಾದರು. ಊರಿನವರ ದುಡ್ಡು ಹೊತ್ತ ಗಾಡಿಯಲ್ಲಿ ಕುಳಿತವನಿಗೆ ತಕ್ಕಡಿಯಲ್ಲಿ ತೂಗದ ಇನ್ನೊಂದು ಭಾರವೂ ಇರುತ್ತದೆ. ಮನೆಯಲ್ಲಿ ಮೊದಲಿಗರಾಗಿ ಕಾಲೇಜಿನ ಮೆಟ್ಟಿಲು ಹತ್ತಿದ ನಮ್ಮಂಥವರು ಅದನ್ನು ಬಲ್ಲೆವು. 1940ನೆಯ ಇಸವಿಯಲ್ಲಿ ಬ್ಯೂನಸ್ ಐರಿಸ್‌ನಿಂದ ಹೊರಟು, ಬೊಲಿವಿಯದ ಎತ್ತರದ ನಾಡನ್ನು ಹಾಯ್ದು, ಪೆರು ದೇಶದ ರಾಜಧಾನಿ ಲಿಮಾ ಮುಟ್ಟಿ, ಮತ್ತೆ ಹಿಂದಿರುಗುವ ಪಂದ್ಯ ನಡೆಯಿತು. ಒಟ್ಟು ದಾರಿ ಸುಮಾರು 9,400 ಕಿಲೋಮೀಟರು. ಆಂಡೀಸ್ ಪರ್ವತದ ದಾರಿಗಳು 4,000 ಮೀಟರಿಗೂ ಮೇಲೆ ಏರುತ್ತವೆ. ಅಲ್ಲಿ ಉಸಿರಾಡುವುದೇ ಕಷ್ಟ, ಮನುಷ್ಯನಿಗೂ ಎಂಜಿನ್ನಿಗೂ. ಡಾಂಬರು ಕಾಣದ ರಸ್ತೆ. ಗಾಡಿಯಲ್ಲಿ ಪೆಟ್ರೋಲು, ಬದಲಿ ಚಕ್ರ, ಉಪಕರಣಗಳು, ಜೊತೆಗಾರ. ಫಾಂಜಿಯೊ ಎರಡು ವಾರಗಳ ಆ ಪಂದ್ಯವನ್ನು ಗೆದ್ದನು. ಆ ವರ್ಷ ಮತ್ತು ಅದರ ಮುಂದಿನ ವರ್ಷ ರಸ್ತೆಪಂದ್ಯಗಳ ರಾಷ್ಟ್ರೀಯ ಪ್ರಶಸ್ತಿಯೂ ಆತನದಾಯಿತು. ಬೆಟ್ಟ ಇಳಿಯುವಾಗ ತುಂಬಿದ ಗಾಡಿಗೆ ಬ್ರೇಕು ಎಷ್ಟು ಮುಂಚಿತವಾಗಿ ಬೇಕು, ದಿನದ ಕೊನೆಯಲ್ಲಿ ಹಗುರಾದ ಗಾಡಿ ಮರಳಿನ ಮೇಲೆ ಹೇಗೆ ಜಾರುತ್ತದೆ ಎಂಬುದನ್ನು ತಿಳಿಯಲು ಇದಕ್ಕಿಂತ ದೊಡ್ಡ ಶಾಲೆ ಇನ್ನಾವುದಿದ್ದೀತು! ಎರಡನೆಯ ಮಹಾಯುದ್ಧದ ಕಾಲದಲ್ಲಿ ಟೈರು, ಪೆಟ್ರೋಲುಗಳ ಅಭಾವದಿಂದ ಪಂದ್ಯಗಳು ನಿಂತುಹೋದವು. ಆತನು ಹಳೆಯ ಲಾರಿ, ಟೈರುಗಳ ವ್ಯಾಪಾರದಿಂದ ದಿನ ಕಳೆದನು. ಮೂವತ್ತರಿಂದ ಮೂವತ್ತೈದರ ಪ್ರಾಯ ಹೀಗೆ ಸಂದುಹೋಯಿತು.

1948ರ ಅಕ್ಟೋಬರಿನಲ್ಲಿ ಬ್ಯೂನಸ್ ಐರಿಸ್‌ನಿಂದ ವೆನೆಜುವೆಲದ ಕರಾಕಸ್‌ವರೆಗೆ ಮತ್ತೊಂದು ಮಹಾಪಂದ್ಯ ನಡೆಯಿತು. ಜೊತೆಗಾರನಾಗಿ ಕುಳಿತವನು ಬಾಲ್ಕಾರ್ಸೆಯ ಗೆಳೆಯ ಡೇನಿಯಲ್ ಉರುಟಿಯ. ಪೆರು ದೇಶದ ಕರಾವಳಿಯಲ್ಲಿ ರಾತ್ರಿಯ ಹೊತ್ತು, ಮಂಜು ಕವಿದ ದಾರಿಯಲ್ಲಿ ಗಾಡಿ ತಿರುವು ತಪ್ಪಿ ಕೆಳಕ್ಕೆ ಉರುಳಿತು. ಫಾಂಜಿಯೊ ಗಾಯಗಳೊಡನೆ ಬದುಕಿದನು, ಉರುಟಿಯ ತೀರಿಕೊಂಡನು. ಹಿಂದೆ ಬರುತ್ತಿದ್ದ ಎದುರಾಳಿಗಳು ತಮ್ಮ ಪಂದ್ಯವನ್ನು ಮರೆತು ನಿಂತು ನೆರವಾದರು. ಪಂದ್ಯವನ್ನೇ ಬಿಟ್ಟುಬಿಡುವ ವಿಚಾರ ಫಾಂಜಿಯೊನ ಮನಸ್ಸಿಗೆ ಬಂದಿತೆಂದು ಆತನ ಜೀವನಚರಿತ್ರಕಾರರು ಹೇಳುತ್ತಾರೆ. ಗೆಳೆಯನ ಸಾವಿನ ತೂಕವನ್ನು ಹೊತ್ತವನು ಕೆಲವೇ ತಿಂಗಳ ಮೇಲೆ ಮತ್ತೆ ಚಕ್ರ ಹಿಡಿದದ್ದು ಸರಿಯೇ ಎಂದು ಕೇಳುವವರುಂಟು. ನನಗೂ ಅದಕ್ಕೆ ಉತ್ತರ ಹೊಳೆದಿಲ್ಲ. ಆತನಿಗೆ ಬೇರೆ ವಿದ್ಯೆ ಬರುತ್ತಿರಲಿಲ್ಲವೆಂಬುದು ಮಾತ್ರ ನಿಜ.

1949ರಲ್ಲಿ, ಮೂವತ್ತೆಂಟರ ಹೊಸ್ತಿಲಿನಲ್ಲಿ, ಆತನು ತನ್ನ ದೇಶದ ಆಟೋಮೊಬೈಲ್ ಕ್ಲಬ್ಬಿನ ನೆರವಿನಿಂದ ಯುರೋಪಿಗೆ ಹೋದನು. ಆ ವಯಸ್ಸಿನಲ್ಲಿ ಅನೇಕ ಸಾರಥಿಗಳು ಪಂದ್ಯದಿಂದ ನಿವೃತ್ತರಾಗಿ ಕಥೆ ಹೇಳಲು ಕುಳಿತಿರುತ್ತಾರೆ. ಈತನು ಇಟಲಿಯ ಸ್ಯಾನ್ ರೆಮೊದಲ್ಲಿ ಮೊದಲುಗೊಂಡು ಅದೊಂದೇ ಋತುವಿನಲ್ಲಿ ಆರು ಪಂದ್ಯಗಳನ್ನು ಗೆದ್ದನು. ಮರುವರ್ಷ ಆಲ್ಫಾ ರೊಮಿಯೊ ಕಂಪೆನಿ ಆತನನ್ನು ಕರೆದುಕೊಂಡಿತು. 1950ರಲ್ಲಿ ಮೊತ್ತಮೊದಲ ವಿಶ್ವಪ್ರಶಸ್ತಿಯು ಜೊತೆಯ ಸಾರಥಿ ಫಾರಿನನಿಗೆ ಹೋಯಿತು. ಫಾಂಜಿಯೊ ಮೂರು ಅಂಕಗಳಿಂದ ಹಿಂದುಳಿದನು.

ಬುತ್ತಿಯ ಭಾರವೆಂಬುದು ಜಗತ್ತಿನ ಕಣ್ಣಿಗೆ ಬಿದ್ದದ್ದು 1951ರಲ್ಲಿ. ಆಲ್ಫಾದ ಎಂಜಿನ್ನು ಒಂದೂವರೆ ಲೀಟರಿನದು, ಆದರೆ ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್ ಇದ್ದುದರಿಂದ 400 ಕುದುರೆಬಲಕ್ಕೂ ಮಿಕ್ಕ ಶಕ್ತಿ. ಅದರ ಹಸಿವೂ ಬಕಾಸುರನ ಹಸಿವು. ಮದ್ಯಸಾರ ಬೆರೆತ ಇಂಧನವನ್ನು ಕುಡಿಯುತ್ತಿದ್ದ ಆ ಗಾಡಿ ಲೀಟರಿಗೆ ಒಂದು ಕಿಲೋಮೀಟರು ಕೂಡ ಓಡುತ್ತಿರಲಿಲ್ಲ. ಹೆಚ್ಚಿನ ಬಲಕ್ಕೆ ಹೆಚ್ಚಿನ ಇಂಧನ, ಹೆಚ್ಚಿನ ಇಂಧನಕ್ಕೆ ದೊಡ್ಡ ಟ್ಯಾಂಕು, ದೊಡ್ಡ ಟ್ಯಾಂಕನ್ನು ಹೊರಲು ಮತ್ತೆ ಬಲ: ಸಾಲ ತೀರಿಸಲು ಸಾಲ ಮಾಡಿದವನ ಸ್ಥಿತಿ. ಎದುರಾಳಿಯಾದ ಫೆರಾರಿ ನಾಲ್ಕೂವರೆ ಲೀಟರಿನ ಎಂಜಿನ್ನನ್ನು ಸೂಪರ್‌ಚಾರ್ಜರ್ ಇಲ್ಲದೆ ಕಟ್ಟಿತು. ಅದು ಮಿತಾಹಾರಿ. ಆ ವರ್ಷ ಜುಲೈ 14ರಂದು ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ, ಅರ್ಜೆಂಟೀನದವನೇ ಆದ ಗೊನ್ಜಾಲೆಸ್ ಎಂಬ ದಢೂತಿ ಸಾರಥಿ ಫೆರಾರಿಯಲ್ಲಿ ಕುಳಿತು ಫಾಂಜಿಯೊನನ್ನು ಎರಡನೆಯ ಸ್ಥಾನಕ್ಕೆ ತಳ್ಳಿದನು. ವಿಶ್ವಪ್ರಶಸ್ತಿಯ ಪಂದ್ಯದಲ್ಲಿ ಆಲ್ಫಾದ ಗಾಡಿಗಳನ್ನು ಫೆರಾರಿ ಸೋಲಿಸಿದ್ದು ಅದೇ ಮೊದಲು. ಅಕ್ಟೋಬರಿನಲ್ಲಿ ಬಾರ್ಸಿಲೋನದ ಕೊನೆಯ ಪಂದ್ಯದಲ್ಲಿ ಫೆರಾರಿಯವರು ಚಿಕ್ಕ ಚಕ್ರಗಳನ್ನು ಆರಿಸಿಕೊಂಡು ಟೈರುಗಳನ್ನು ಹರಿದುಕೊಂಡರು. ಫಾಂಜಿಯೊ ಗೆದ್ದು ಮೊದಲ ಸಲ ವಿಶ್ವಪ್ರಶಸ್ತಿ ಪಡೆದನು.

ಮರುವರ್ಷ ಜೂನ್ 7ರಂದು ಐರ್ಲೆಂಡ್ ದ್ವೀಪದ ಉತ್ತರದಲ್ಲಿ ಒಂದು ಪಂದ್ಯ, 8ರಂದು ಇಟಲಿಯ ಮೊಂಜಾದಲ್ಲಿ ಇನ್ನೊಂದು. ವಿಮಾನ ತಪ್ಪಿ, ಪ್ಯಾರಿಸ್ಸಿನಿಂದ ರಾತ್ರಿಯೆಲ್ಲ ತಾನೇ ಕಾರು ಓಡಿಸಿಕೊಂಡು ಬಂದು, ನಿದ್ದೆಯಿಲ್ಲದ ಕಣ್ಣಿನಲ್ಲಿ ಪಂದ್ಯಕ್ಕಿಳಿದು, ಎರಡನೆಯ ಸುತ್ತಿನಲ್ಲಿಯೇ ಗಾಡಿ ಪಲ್ಟಿಯಾಗಿ ಕೊರಳ ಮೂಳೆ ಮುರಿಯಿತು. ಆ ಋತುವೆಲ್ಲ ಹಾಸಿಗೆಯ ಪಾಲಾಯಿತು. ಬಳಿಕ ಒಂದು ವರ್ಷ ಮಸೆರಾಟಿ; 1954, 1955ರಲ್ಲಿ ಜರ್ಮನಿಯ ಮರ್ಸಿಡಿಸ್ ಗಾಡಿಗಳಲ್ಲಿ ಎರಡು ವಿಶ್ವಪ್ರಶಸ್ತಿಗಳು. ಆ ಗೆಲುವುಗಳನ್ನು ವಿವರಿಸಲು ನಾನು ಹೋಗುವುದಿಲ್ಲ. ಅಲ್ಲಿ ಗಾಡಿಯೂ ಶ್ರೇಷ್ಠ, ಸಾರಥಿಯೂ ಶ್ರೇಷ್ಠ. 1955ರ ಜೂನ್ 11ರಂದು ಫ್ರಾನ್ಸಿನ ಲ ಮಾನ್ ಪಂದ್ಯದಲ್ಲಿ ಆತನ ಕಣ್ಣ ಮುಂದೆಯೇ ಜೊತೆಯ ಮರ್ಸಿಡಿಸ್ ಗಾಡಿ ಜನರ ಗುಂಪಿನ ಮೇಲೆ ಹಾರಿ 80ಕ್ಕೂ ಹೆಚ್ಚು ಮಂದಿ ಸತ್ತರು. ಕೂದಲೆಳೆಯಷ್ಟು ಜಾಗದಲ್ಲಿ ಫಾಂಜಿಯೊ ಪಾರಾದನು. ಆ ವರ್ಷದ ಕೊನೆಗೆ ಮರ್ಸಿಡಿಸ್ ಪಂದ್ಯಗಳಿಂದ ಹಿಂದೆ ಸರಿಯಿತು.

1956ರಲ್ಲಿ ಆತನು ಫೆರಾರಿಗೆ ಸೇರಿದಾಗ ಕೈಗೆ ಬಂದ ಗಾಡಿ ನಮ್ಮ ವಿಷಯಕ್ಕೆ ಬಹಳ ಮುಖ್ಯವಾದದ್ದು. ಅದು ಮೂಲದಲ್ಲಿ ಲಾನ್ಚಿಯ ಕಂಪೆನಿಗಾಗಿ ವಿಟ್ಟೋರಿಯೊ ಯಾನೊ ಎಂಬ ಹಿರಿಯ ಎಂಜಿನಿಯರನು ಕಟ್ಟಿದ ಡಿ 50 ಎಂಬ ಗಾಡಿ. ಟ್ಯಾಂಕನ್ನು ಬಾಲದಲ್ಲಿಡುವ ಹಳೆಯ ಪದ್ಧತಿಯನ್ನು ಬಿಟ್ಟು ಯಾನೊ ಅದನ್ನು ಎರಡು ಮಾಡಿ, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ, ಗಾಡಿಯ ಎರಡು ಪಕ್ಕಗಳಲ್ಲಿ ಕತ್ತೆಯ ಬೆನ್ನಿನ ಜೋಡಿ ಹೇರಿನಂತೆ ತೂಗುಹಾಕಿದನು. ಪೆಟ್ರೋಲು ಮುಗಿಯುತ್ತ ಬಂದರೂ ಭಾರದ ನಡು ಅಲುಗಬಾರದೆಂಬುದು ಆತನ ಯೋಚನೆ. ಅಚ್ಚಿನ ಮೇಲೆ ಸಮನಾಗಿ ಕಬ್ಬು ಹೇರಿದ ರೈತನ ಬುದ್ಧಿಯೇ ಇದು. ಲಾನ್ಚಿಯ ಹಣದ ಕಷ್ಟಕ್ಕೆ ಸಿಕ್ಕಿ, ಅವರ ಮುಖ್ಯ ಸಾರಥಿ ಅಸ್ಕಾರಿಯೂ 1955ರ ಮೇ ತಿಂಗಳಲ್ಲಿ ತೀರಿಕೊಂಡ ಮೇಲೆ, ಗಾಡಿಗಳು ಫೆರಾರಿಯ ಪಾಲಾದವು. ಫೆರಾರಿಯವರು ಇಂಧನದ ಹೆಚ್ಚಿನ ಪಾಲನ್ನು ಮತ್ತೆ ಬಾಲದ ಟ್ಯಾಂಕಿಗೇ ಸಾಗಿಸಿದರು. ಪಕ್ಕದ ತೊಟ್ಟಿಗಳು ಬಹುಮಟ್ಟಿಗೆ ಹೊರಗವಸಾಗಿ ಉಳಿದವು. ಇದರಲ್ಲಿ ನ್ಯಾಯವಿಲ್ಲದೆ ಇರಲಿಲ್ಲ. ಭಾರವೆಲ್ಲ ನಡುವಿಗೆ ಸೇರಿದ ಗಾಡಿ ಬುಗುರಿಯ ಹಾಗೆ, ತಿರುಗುವುದು ಸುಲಭ, ಒಮ್ಮೆ ಹಿಡಿತ ತಪ್ಪಿತೆಂದರೆ ತಡೆಯುವುದು ಕಷ್ಟ. ಬಾಲಭಾರದ ಗಾಡಿ ಜಾರುವ ಮುನ್ನ ಸಾರಥಿಗೆ ಮುನ್ಸೂಚನೆ ಕೊಡುತ್ತದೆ. ಎರಡರಲ್ಲಿ ಯಾವುದು ಮೇಲೆಂದು ಬಲ್ಲವರು ಈಗಲೂ ವಾದ ಮಾಡುವುದುಂಟು. ಕಾಲ ಮಾತ್ರ ಯಾನೊನ ಕಡೆಗೆ ತೀರ್ಪು ಕೊಟ್ಟಿದೆ: ಇಂದಿನ ದೊಡ್ಡ ಪಂದ್ಯಗಳ ಗಾಡಿಗಳಲ್ಲಿ ಟ್ಯಾಂಕು ಸಾರಥಿಯ ಬೆನ್ನ ಹಿಂದೆ, ಗಾಡಿಯ ನಡುವಿನಲ್ಲಿಯೇ ಇರುತ್ತದೆ. ಫಾಂಜಿಯೊ ಆ ಗಾಡಿಯಲ್ಲಿ ನಾಲ್ಕನೆಯ ವಿಶ್ವಪ್ರಶಸ್ತಿಯನ್ನು ಪಡೆದನು. ಮೊಂಜಾದ ಕೊನೆಯ ಪಂದ್ಯದಲ್ಲಿ ಆತನ ಗಾಡಿ ಕೆಟ್ಟಾಗ, ಜೊತೆಯ ಇಂಗ್ಲಿಷ್ ತರುಣ ಪೀಟರ್ ಕಾಲಿನ್ಸ್ ತಾನೇ ಪ್ರಶಸ್ತಿ ಗೆಲ್ಲುವ ಸಂಭವವಿದ್ದರೂ ತನ್ನ ಗಾಡಿಯನ್ನು ಬಿಟ್ಟುಕೊಟ್ಟನು. ಈ ಕಾಲಿನ್ಸನನ್ನು ವಾಚಕರು ನೆನಪಿನಲ್ಲಿಡಬೇಕು.

1957ರಲ್ಲಿ ಫಾಂಜಿಯೊ ಮತ್ತೆ ಮಸೆರಾಟಿಗೆ ಬಂದನು. ಆಗಸ್ಟ್ 4ರಂದು ಜರ್ಮನಿಯ ನೂರ್ಬರ್ಗ್‌ರಿಂಗ್‌ನಲ್ಲಿ ಪಂದ್ಯ. ಕಾಡುಬೆಟ್ಟಗಳ ನಡುವೆ ಹಾವಿನಂತೆ ಹೊರಳುವ ಆ ದಾರಿಯ ಒಂದು ಸುತ್ತು 22.8 ಕಿಲೋಮೀಟರು, 170ಕ್ಕೂ ಹೆಚ್ಚು ತಿರುವುಗಳು. ಅಂಥ 22 ಸುತ್ತುಗಳು, ಒಟ್ಟು 500 ಕಿಲೋಮೀಟರು. ಎದುರಾಳಿಗಳು ಫೆರಾರಿಯ ಮೈಕ್ ಹಾಥಾರ್ನ್ ಮತ್ತು ಅದೇ ಪೀಟರ್ ಕಾಲಿನ್ಸ್. ಅವರು ಟ್ಯಾಂಕನ್ನು ಪೂರ್ತಿ ತುಂಬಿಸಿ, ಗಟ್ಟಿ ಟೈರು ಹಾಕಿ, ಎಲ್ಲಿಯೂ ನಿಲ್ಲದೆ ಓಡುವುದೆಂದು ಗೊತ್ತುಮಾಡಿಕೊಂಡಿದ್ದರು. ಫಾಂಜಿಯೊನ ಗಾಡಿಯ ತೂಕ ಇಂಧನವಿಲ್ಲದೆ ಸುಮಾರು 630 ಕಿಲೋ. ಅದರ ಬಾಲದ ಟ್ಯಾಂಕಿಗೆ 200 ಲೀಟರು ತುಂಬಿಸಿದರೆ 150 ಕಿಲೋಗೂ ಹೆಚ್ಚು, ಎಂದರೆ ಗಾಡಿಯ ತೂಕದ ನಾಲ್ಕನೆಯ ಒಂದು ಪಾಲು. ಆತನೂ ಮಸೆರಾಟಿಯವರೂ ಬೇರೆ ದಾರಿ ಹಿಡಿದರು. ಅರ್ಧ ಟ್ಯಾಂಕು ಮಾತ್ರ ತುಂಬಿಸಿ ಹೊರಡುವುದು. ಹಗುರಾದ ಗಾಡಿಯಿಂದ ಮೊದಲರ್ಧದಲ್ಲಿ ಸಾಕಷ್ಟು ಮುಂದೆ ಹೋಗುವುದು. ನಡುವೆ ನಿಂತು ಇಂಧನ ತುಂಬಿಸಿ, ಹಿಂದಿನ ಚಕ್ರಗಳನ್ನು ಬದಲಿಸಿ ಮತ್ತೆ ಹೊರಡುವುದು. ಅರ್ಧ ದಾರಿಗಷ್ಟೆ ಬಾಳಿದರೆ ಸಾಕಾದ್ದರಿಂದ ನೆಲವನ್ನು ಚೆನ್ನಾಗಿ ಕಚ್ಚುವ ಮೆತ್ತನೆಯ ಟೈರು ಹಾಕಬಹುದೆಂಬುದು ಇನ್ನೊಂದು ಲಾಭ.

ಮೊದಲು ಫೆರಾರಿಗಳೇ ಮುಂದಿದ್ದವು. ಮೂರನೆಯ ಸುತ್ತಿನಲ್ಲಿ ಫಾಂಜಿಯೊ ಅವನ್ನು ದಾಟಿದನು. ಹನ್ನೆರಡನೆಯ ಸುತ್ತಿನ ಹೊತ್ತಿಗೆ ಸುಮಾರು 28 ಸೆಕೆಂಡುಗಳಷ್ಟು ಮುಂದಿದ್ದನು. ಆಗ ಗೊತ್ತುಮಾಡಿದಂತೆ ಪಿಟ್ ಎಂಬ ನಿಲುಗಡೆಯ ಕಟ್ಟೆಗೆ ಬಂದನು. ಕೆಲಸಗಾರರ ಗಡಿಬಿಡಿಯಲ್ಲಿ ಹೊತ್ತು ಹೋಗಿ, ಸುಮಾರು 52 ಸೆಕೆಂಡುಗಳಾದವು. ಹೊರಟಾಗ ಆತನು ಮೂರನೆಯವನು; ಫೆರಾರಿಗಳು ಮುಕ್ಕಾಲು ನಿಮಿಷಕ್ಕೂ ಮುಂದೆ.

ಸಾಮಾನ್ಯವಾಗಿ ಈ ಕಥೆಯನ್ನು ಹೇಳುವವರು ಅರ್ಧ ಟ್ಯಾಂಕಿನ ಉಪಾಯದಿಂದ ಫಾಂಜಿಯೊ ಗೆದ್ದನೆಂದು ಹೇಳಿ ಮುಗಿಸುತ್ತಾರೆ. ಲೆಕ್ಕವನ್ನು ಸರಿಯಾಗಿ ನೋಡಿದರೆ ಹಾಗಲ್ಲ. ಹಗುರಾದ ಬುತ್ತಿ ಸಂಪಾದಿಸಿಕೊಟ್ಟದ್ದು 28 ಸೆಕೆಂಡು. ನಿಂತದ್ದಕ್ಕೆ ಖರ್ಚಾದದ್ದು 52, ಜೊತೆಗೆ ವೇಗ ತಗ್ಗಿಸಿ ಒಳಗೆ ಬಂದು ಹೊರಗೆ ಹೋಗುವ ಹೊತ್ತು. ಕಾಗದದ ಮೇಲೆ ಆ ಉಪಾಯ ನಷ್ಟದ ವ್ಯಾಪಾರ. ಇನ್ನು ಮುಂದಿನ ಹತ್ತು ಸುತ್ತುಗಳಲ್ಲಿ ತೂಕದ ಲಾಭವೂ ಆತನಿಗೆ ಇರಲಿಲ್ಲ. ಏಕೆಂದರೆ ಅಷ್ಟು ಹೊತ್ತಿಗೆ ಫೆರಾರಿಗಳೂ ತಮ್ಮ ಬುತ್ತಿಯಲ್ಲಿ ಅರ್ಧಕ್ಕೂ ಹೆಚ್ಚನ್ನು ತಿಂದು ಹಗುರಾಗಿದ್ದವು. ಉಳಿದದ್ದು ಎರಡೇ: ಹೊಸ ಟೈರುಗಳು, ಮತ್ತು ಕುಳಿತಿದ್ದ 46 ವರ್ಷದ ಮನುಷ್ಯ.

ಮೊದಲ ಒಂದೆರಡು ಸುತ್ತುಗಳನ್ನು ಆತನು ಅವಸರವಿಲ್ಲದೆ ಓಡಿಸಿದನು. ಹೊಸ ಟೈರು ಪಳಗಬೇಕು. ಮತ್ತೆ ಭಾರವಾದ ಬಾಲದ ಗುಣವನ್ನು ಕೈ ತಿಳಿಯಬೇಕು. ಈತನ ಕಥೆ ಮುಗಿಯಿತೆಂದು ಫೆರಾರಿಯವರು ಭಾವಿಸಿ ತಮ್ಮ ಸಾರಥಿಗಳನ್ನು ಅವಸರಪಡಿಸಲಿಲ್ಲ. ಆಮೇಲೆ ನಡೆದದ್ದೇ ಬೇರೆ. ಒಂದೊಂದು ಸುತ್ತಿಗೂ ಆರು, ಎಂಟು, ಹತ್ತು ಸೆಕೆಂಡುಗಳ ಅಂತರ ಕರಗತೊಡಗಿತು. ಯಾವ ತಿರುವುಗಳನ್ನು ಹಿಂದೆ ಎರಡನೆಯ ಗೇರಿನಲ್ಲಿ ಸುತ್ತುತ್ತಿದ್ದನೋ ಅವನ್ನು ಮೂರನೆಯ ಗೇರಿನಲ್ಲಿ, ನಾಲ್ಕು ಚಕ್ರಗಳೂ ಒಟ್ಟಿಗೆ ಜಾರುವಂತೆ ಮಾಡಿ ಸುತ್ತಿದನು. ಹಿಂದಿನ ವರ್ಷ ಆತನೇ ಮಾಡಿದ ಸುತ್ತಿನ ದಾಖಲೆ 9 ನಿಮಿಷ 41.6 ಸೆಕೆಂಡು. ಈ ಪಂದ್ಯದಲ್ಲಿ ಅದನ್ನು ಮುರಿದು, ತಾನು ಮುರಿದದ್ದನ್ನು ತಾನೇ ಮತ್ತೆ ಮತ್ತೆ ಮುರಿದು, ಇಪ್ಪತ್ತನೆಯ ಸುತ್ತಿನಲ್ಲಿ 9 ನಿಮಿಷ 17.4 ಸೆಕೆಂಡಿಗೆ ತಂದನು. ಒಂದೇ ವರ್ಷದಲ್ಲಿ 24 ಸೆಕೆಂಡು! ಇಪ್ಪತ್ತೊಂದನೆಯ ಸುತ್ತಿನಲ್ಲಿ ಮೊದಲು ಕಾಲಿನ್ಸನನ್ನು, ಅದೇ ಸುತ್ತಿನಲ್ಲಿ ಮುಂದೆ ಹಾಥಾರ್ನನನ್ನು ದಾಟಿದನು. ಗುರಿ ಮುಟ್ಟಿದಾಗ ಹಾಥಾರ್ನ್ 3.6 ಸೆಕೆಂಡು ಹಿಂದೆ. ಐದನೆಯ ವಿಶ್ವಪ್ರಶಸ್ತಿ ಅಂದೇ ಆತನದಾಯಿತು.

ಗಾಡಿ ತಿಂದು ಹಗುರಾಗುತ್ತಿದ್ದಂತೆ ಪ್ರತಿ ಸುತ್ತಿನಲ್ಲಿಯೂ ಬ್ರೇಕಿನ ಜಾಗವನ್ನು, ತಿರುವಿಗೆ ಹೊಗುವ ವೇಗವನ್ನು ಇಷ್ಟಿಷ್ಟೇ ಬದಲಾಯಿಸುತ್ತ ಹೋಗಬೇಕು. 170 ತಿರುವುಗಳಲ್ಲಿಯೂ ಬದಲಾಯಿಸಬೇಕು. ಒಂದರಲ್ಲಿ ಲೆಕ್ಕ ತಪ್ಪಿದರೂ ಕಾಡಿನ ಮರಗಳು ಕಾದಿರುತ್ತವೆ. ಇಂದಿನ ಪಂದ್ಯಗಳಲ್ಲಿ ಕಂಪ್ಯೂಟರುಗಳು ಕುಳಿತು ಈ ಲೆಕ್ಕ ಮಾಡುತ್ತವೆ. ಫಾಂಜಿಯೊ ಅದನ್ನು ಆಸನದ ಮೂಲಕ ಬೆನ್ನಿನಿಂದ, ಚಕ್ರದ ಮೂಲಕ ಬೆರಳಿನಿಂದ ಓದಿದನು. ಎರಡು ರಾತ್ರಿ ನಿದ್ದೆ ಬರಲಿಲ್ಲವೆಂದೂ, ಅಂಥ ಸಾಹಸಕ್ಕೆ ತಾನಿನ್ನು ಕೈಹಾಕಲಾರೆನೆಂದೂ ಆತನು ಮುಂದೆ ಹೇಳಿಕೊಂಡನಂತೆ. ಆ ಮೇಲೆ ವಿಶ್ವಪ್ರಶಸ್ತಿಯ ಪಂದ್ಯವೊಂದನ್ನೂ ಆತನು ಗೆಲ್ಲಲಿಲ್ಲ. 1958ರ ಫೆಬ್ರವರಿಯಲ್ಲಿ ಕ್ಯೂಬದಲ್ಲಿ ಪಂದ್ಯಕ್ಕೆ ಹೋದಾಗ ಕ್ಯಾಸ್ಟ್ರೊನ ಕ್ರಾಂತಿಕಾರರು ಆತನನ್ನು ಹೋಟೆಲಿನಿಂದ ಅಪಹರಿಸಿ, ಮರ್ಯಾದೆಯಿಂದ ನೋಡಿಕೊಂಡು, ಪಂದ್ಯ ಮುಗಿದ ಮೇಲೆ ಬಿಟ್ಟುಕಳುಹಿಸಿದರು. ಅದೇ ವರ್ಷ ಜುಲೈ 6ರಂದು ಫ್ರಾನ್ಸಿನ ರೀಮ್ಸ್‌ನಲ್ಲಿ ನಾಲ್ಕನೆಯವನಾಗಿ ಗುರಿ ಮುಟ್ಟಿ ನಿವೃತ್ತನಾದನು. ಅಂದು ಮುಂದಿದ್ದ ಹಾಥಾರ್ನ್, ಹಿರಿಯನನ್ನು ಒಂದು ಸುತ್ತು ಹಿಂದೆ ಹಾಕಿದ ಅವಮರ್ಯಾದೆಯಾಗಬಾರದೆಂದು ಬೇಕೆಂದೇ ವೇಗ ತಗ್ಗಿಸಿದನು. ಒಟ್ಟು 51 ವಿಶ್ವಪ್ರಶಸ್ತಿ ಪಂದ್ಯಗಳಲ್ಲಿ 24 ಗೆಲುವು. ಪಾಲಿನಲ್ಲಿ ಇದನ್ನು ಮೀರಿಸಿದ ಸಾರಥಿ ಈವರೆಗೂ ಬಂದಿಲ್ಲ.

ನೂರ್ಬರ್ಗ್‌ರಿಂಗ್‌ನ ಪಂದ್ಯ ಮುಗಿದಾಗ ಮೂವರೂ ಒಟ್ಟಿಗೆ ನಿಂತು ನಗುತ್ತಿದ್ದರು. ಸೋತವರೇ ಗೆದ್ದವನಿಗಿಂತ ಹೆಚ್ಚು ಹಿಗ್ಗಿದ್ದರೆಂದು ನೋಡಿದವರು ಬರೆದಿದ್ದಾರೆ. ಹೆಚ್ಚುಕಡಿಮೆ ಒಂದು ವರ್ಷದ ಮೇಲೆ, 1958ರ ಆಗಸ್ಟ್ 3ರಂದು, ಅದೇ ದಾರಿಯಲ್ಲಿ ಗಾಡಿ ತಪ್ಪಿ ಪೀಟರ್ ಕಾಲಿನ್ಸ್ ತೀರಿಕೊಂಡನು. ಆತನಿಗಾಗ 26 ವರ್ಷ. ಹಾಥಾರ್ನ್ ಆ ವರ್ಷದ ವಿಶ್ವಪ್ರಶಸ್ತಿ ಪಡೆದು ಪಂದ್ಯಗಳನ್ನು ಬಿಟ್ಟು, 1959ರ ಜನವರಿಯಲ್ಲಿ ಇಂಗ್ಲೆಂಡಿನ ಸಾಮಾನ್ಯ ರಸ್ತೆಯೊಂದರಲ್ಲಿ ಅಪಘಾತದಿಂದ ಮಡಿದನು. ಫಾಂಜಿಯೊ ತನ್ನ ದೇಶಕ್ಕೆ ಹಿಂದಿರುಗಿ ಮೋಟಾರು ವ್ಯಾಪಾರ ಮಾಡಿಕೊಂಡಿದ್ದನು. 1986ರಲ್ಲಿ ಬಾಲ್ಕಾರ್ಸೆಯ ಜನ ಆತನ ಹೆಸರಿನಲ್ಲಿ ವಸ್ತುಸಂಗ್ರಹಾಲಯವನ್ನು ತೆರೆದರು. ಆತನು ಓಡಿಸಿದ ಗಾಡಿಗಳು ಅಲ್ಲಿವೆ. 1995ನೆಯ ಜುಲೈ 17ರಂದು, 84ನೆಯ ವಯಸ್ಸಿನಲ್ಲಿ, ಬ್ಯೂನಸ್ ಐರಿಸ್‌ನಲ್ಲಿ ಆತನು ತೀರಿಕೊಂಡಾಗ, ಚಂದಾ ಎತ್ತಿ ಗಾಡಿ ಕೊಡಿಸಿದ್ದ ಆ ಊರಿಗೇ ಆತನನ್ನು ತಂದು ಮಣ್ಣುಮಾಡಿದರು.